ಛತ್ರಿ ರಿಪೇರಿಯವನ ಹವಾಮಾನ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಒಂಬತ್ತನೆಯ ಇಸವಿಯಲ್ಲಿ, ಧಾರವಾಡದ ಒಂದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯ ನಡುಮಧ್ಯದಲ್ಲಿ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಹೇಳದಿದ್ದರೆ ನೀವು ಅರ್ಧ ಓದಿದ ಮೇಲೆ ನನ್ನ ವಾಕ್ಯದಲ್ಲಿ ಎಲ್ಲೋ ಒಂದು ಕಡೆ ಎಡವಿ, 'ಓಹೋ, ಇವನು ಕಲಿತವನಲ್ಲ' ಎಂದು ಕಂಡುಹಿಡಿದ ಖುಷಿಯಲ್ಲಿ ಉಳಿದದ್ದನ್ನು ಓದದೆ ಬಿಟ್ಟುಬಿಡಬಹುದು. ಆ ಖುಷಿಯನ್ನು ನಾನು ನಿಮಗೆ ಕೊಡುವವನಲ್ಲ. ಆ ವರ್ಷ ಅಪ್ಪ ತೀರಿಕೊಂಡರು. ಸೋದರಮಾವ ಪುಣೆಯಲ್ಲಿ ಛತ್ರಿ ರಿಪೇರಿ ಮಾಡುತ್ತಿದ್ದರು. ನನ್ನನ್ನು ಕರೆತಂದು ಸದಾಶಿವ ಪೇಠೆಯ, ಅಂಗಳದ ಸುತ್ತ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ ಬೀದಿಗೆ ತೆರೆದ ಕೋಣೆಯೊಳಗೆ ಕೂಡಿಸಿ ಕೈಗೆ ಒಂದು ಇಕ್ಕಳ ಕೊಟ್ಟರು. ಅಂದಿನಿಂದ ಇಂದಿನವರೆಗೆ ಅದೇ ಕೋಣೆ, ಅದೇ ಕೆಲಸ. ಇಕ್ಕಳ ಮಾತ್ರ ನಾಲ್ಕನೆಯದು. ಮಾವ ಹೋದ ಮೇಲೆ ಅಂಗಡಿ ನನ್ನದಾಯಿತು. ಗೋಣಿಚೀಲದ ಪರದೆ ಕಟ್ಟಿ ಹಿಂದಿನ ಅರ್ಧವನ್ನು ಮನೆ ಮಾಡಿಕೊಂಡೆ. ಪರದೆಯ ಈಚೆ ಮರಾಠಿ, ಆಚೆ ಕನ್ನಡ.

ಛತ್ರಿ ರಿಪೇರಿಯವನಿಗೂ ಹವಾಮಾನಕ್ಕೂ ಏನು ಸಂಬಂಧ ಎಂದು ಕೇಳುವವರು ಒಂದು ವಾರ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೋಡಬೇಕು. ಕೈಗೆ ಬಂದ ಛತ್ರಿಯನ್ನು ಬಿಚ್ಚಿದೊಡನೆ ಅದು ಎಲ್ಲಿಯದು ಎಂದು ನಾನು ಹೇಳುತ್ತೇನೆ. ಲೋಣಾವಳೆಯ ಛತ್ರಿಯಾದರೆ ಕಡ್ಡಿಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು, ಬಟ್ಟೆಯ ಮಡಿಕೆಯಲ್ಲಿ ಹಸಿರು ಪಾಚಿ ಕೂತಿರುತ್ತದೆ. ಅಲ್ಲಿ ಮಳೆ ಸುರಿಯುವುದಿಲ್ಲ, ಬಂದು ವಾಸ ಮಾಡುತ್ತದೆ. ನಮ್ಮ ಸದಾಶಿವ ಪೇಠೆಯ ಛತ್ರಿಗೆ ತುಕ್ಕು ಇಲ್ಲ, ಪಾಚಿ ಇಲ್ಲ, ತುದಿ ಮಾತ್ರ ಸವೆದಿರುತ್ತದೆ. ಏಕೆಂದರೆ ಇಲ್ಲಿಯವರು ಅದನ್ನು ವರ್ಷದಲ್ಲಿ ಹತ್ತು ತಿಂಗಳು ಊರುಗೋಲಾಗಿಯೂ, ವಾದ ಮಾಡುವಾಗ ನೆಲಕ್ಕೆ ಕುಟ್ಟುವುದಕ್ಕೂ ಬಳಸುತ್ತಾರೆ. ಬಿಬವೇವಾಡಿಯ ಹಳ್ಳಿಯಿಂದ ಕಾಯಿಪಲ್ಯ ತರುವ ರೈತನ ಬಳಿ ಛತ್ರಿಯೇ ಇಲ್ಲ. ಅವನು ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು, ನನ್ನ ಅಂಗಡಿಯನ್ನು ಹುಚ್ಚರ ಆಸ್ಪತ್ರೆಯನ್ನು ನೋಡುವಂತೆ ನೋಡಿ ಹೋಗುತ್ತಾನೆ.

ಮಳೆಯೂ ಇಲ್ಲಿ ಇಲ್ಲಿಯ ಜನರಂತೆಯೇ. ಘಟ್ಟದ ಮೇಲೆ ಎಲ್ಲವನ್ನೂ ಧಾರೆ ಎರೆದು, ಪುಣೆಗೆ ಬರುವ ಹೊತ್ತಿಗೆ ಲೆಕ್ಕ ಹಾಕಿ ಹಾಕಿ ಹನಿಸುತ್ತದೆ. ನದಿಯ ಆಚೆ ದಂಡೆಯಲ್ಲಿ ಮಂದಿ ಓಡುತ್ತಿರುತ್ತಾರೆ, ಈಚೆ ದಂಡೆಯಲ್ಲಿ ನಿಂತವರು ಏಕೆ ಓಡುತ್ತಾರೆಂದು ಚರ್ಚೆ ಮಾಡುತ್ತಿರುತ್ತಾರೆ. ವೈಶಾಖದ ಕೊನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಧೂಳೆಬ್ಬಿಸಿ, ಗುಡುಗಿ, ಆಲಿಕಲ್ಲು ಎಸೆದು, ಐದಕ್ಕೆ ಏನೂ ಆಗದವರಂತೆ ಬಿಸಿಲು ಬಿಡುವುದೂ ಉಂಟು. ಶ್ರಾವಣದಲ್ಲಿ ಒಂದು ಕಣ್ಣಲ್ಲಿ ಬಿಸಿಲು, ಒಂದು ಕಣ್ಣಲ್ಲಿ ಮಳೆ. ಆಶ್ವೀಜದಲ್ಲಿ ಹಸ್ತಾ ಮಳೆ ಬರುವುದು, ಜಗಳವಾಡಿ ಮನೆ ಬಿಟ್ಟ ಅಳಿಯ ಮರೆತ ಪೇಟಾ ಒಯ್ಯಲು ತಿರುಗಿ ಬಂದಂತೆ. ಬಾಗಿಲು ಬಡಿಯುವ ರೀತಿಯೇ ಬೇರೆ. ಇಂಥ ಊರಿನಲ್ಲಿ ನಾಳೆ ಏನಾಗುತ್ತದೆಂದು ಹೇಳಲು ಎದೆ ಬೇಕು. ನಾನು ಹೇಳುತ್ತಿದ್ದೆ. ಅದೂ ಬಾಯಿಮಾತಿನಲ್ಲಿ ಅಲ್ಲ. ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ತೂಗುಹಾಕಿ, ದಿನಾ ಬೆಳಿಗ್ಗೆ ಸೀಮೆಸುಣ್ಣದಿಂದ ಮರಾಠಿಯಲ್ಲಿ ಬರೆಯುತ್ತಿದ್ದೆ: 'ಈ ಹೊತ್ತು ಮಳೆ ಇಲ್ಲ.' 'ಈ ಹೊತ್ತು ಮೂರರ ಮೇಲೆ ಮಳೆ.' ಬರಬಹುದು, ಬಂದರೂ ಬಂದೀತು ಎಂಬ ಮಾತುಗಳು ನನ್ನ ಹಲಗೆಯ ಮೇಲೆ ಒಂದು ದಿನವೂ ಬಂದಿಲ್ಲ. ಬಂದೀತು ಎನ್ನುವುದಕ್ಕೆ ನಾನೇಕೆ ಬೇಕು?

ನನ್ನ ಯಂತ್ರ ಯಾವುದು ಎಂದರೆ ಒಂದು ಹಳೆಯ ಛತ್ರಿ. ಮಾವನ ಕಾಲದಲ್ಲಿ ಯಾರೋ ರಿಪೇರಿಗೆ ಕೊಟ್ಟು ಮರೆತದ್ದು. ದಪ್ಪ ಹತ್ತಿ ಬಟ್ಟೆ, ಎಂಟು ಕಡ್ಡಿ. ಅದನ್ನು ಬಿಚ್ಚಿ, ತಲೆಕೆಳಗಾಗಿ, ಪರದೆ ಕಟ್ಟಿದ ತೊಲೆಗೇ ತೂಗುಹಾಕಿದ್ದೇನೆ. ಗಾಳಿಯಲ್ಲಿ ತೇವ ಸೇರಿದರೆ ಹತ್ತಿ ಬಟ್ಟೆ ಬಿಗಿಯುತ್ತದೆ, ಒಣಗಿದರೆ ಸಡಿಲಾಗುತ್ತದೆ. ಬೆಳಿಗ್ಗೆ ನಳಕ್ಕೆ ಹೋಗಿ ಮುಖ ತೊಳೆದು ಬಂದು, ಚಹಾಕ್ಕೆ ಮುಂಚೆ, ನಡುಬೆರಳಿನಿಂದ ಅದನ್ನು ಬಡಿಯುತ್ತೇನೆ. 'ಡಬ್ ಡಬ್' ಎಂದರೆ ಮಳೆ ಇಲ್ಲ. 'ಢಂ' ಎಂದರೆ ಇದೆ. ಎಷ್ಟು ಗಂಟೆಗೆ ಎಂಬುದು ಆ 'ಢಂ' ಎಷ್ಟು ಹೊತ್ತು ಕಿವಿಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ. ನಗಬೇಡಿ. ತಬಲಾ ಶ್ರುತಿ ಮಾಡುವವನನ್ನು ನೋಡಿ ಯಾರೂ ನಗುವುದಿಲ್ಲ.

ಮಹಡಿಯ ಮೇಲೆ ಇರುವ ಕುಲಕರ್ಣಿ ಮಾಸ್ತರರು ಮಾತ್ರ ನಗುತ್ತಿದ್ದರು. ಬೆಳಗಾವಿಯವರು, ಹೈಸ್ಕೂಲಿನಲ್ಲಿ ಶಾಸ್ತ್ರ, ಅಂದರೆ ಸೈನ್ಸ್, ಕಲಿಸಿ ನಿವೃತ್ತರಾದವರು. ಅವರ ಬಳಿ ಪಾದರಸ ತುಂಬಿದ ಉದ್ದನೆಯ ಗಾಜಿನ ಕೊಳವೆಯ ಬಾರೋಮೀಟರ್ ಇತ್ತು. "ಶಿವಪ್ಪ, ನಿನ್ನ ಛತ್ರಿಗೆ ಡಿಗ್ರಿ ಎಷ್ಟೋ?" ಎಂದು ಮೆಟ್ಟಿಲಿಳಿಯುವಾಗ ಕೇಳುತ್ತಿದ್ದರು. "ನಂಗೂ ಇಲ್ಲ, ಅದಕ್ಕೂ ಇಲ್ರಿ ಮಾಸ್ತರ. ಅದಕ್ಕ ಇಬ್ಬರೂ ಬೆಳಿಗ್ಗೆ ಎದ್ದು ಕೆಲಸ ಮಾಡ್ತೇವಿ" ಎನ್ನುತ್ತಿದ್ದೆ.

ಮಾಸ್ತರರ ನಗೆ ನನಗೆ ಚುಚ್ಚಲಿಲ್ಲ. ಚುಚ್ಚಿದ್ದು ಬೀದಿಯ ಮಾತು. ನಾನು ಮಳೆ ಎಂದು ಬರೆದ ದಿನವೆಲ್ಲ ಯಾರಾದರೊಬ್ಬರು ಅದೇ ಮಾತು ಆಡಿಯೇ ಆಡುತ್ತಿದ್ದರು: ಛತ್ರಿ ರಿಪೇರಿಯವನು ಮಳೆ ಬರುತ್ತದೆ ಎನ್ನದೆ ಇನ್ನೇನು ಹೇಳುತ್ತಾನೆ? ಡಾಕ್ಟರರು ಜ್ವರ ಇದೆ ಎಂದರೆ ಯಾರೂ ಹೀಗೆ ಕೇಳುವುದಿಲ್ಲ. ಒಮ್ಮೆ ಯಾರೋ ನನ್ನ ಬರಹದ ಕೆಳಗೇ ಸೊಗಸಾದ ಅಕ್ಷರದಲ್ಲಿ, 'ಮಳೆ ಬಾರದಿದ್ದರೆ ಛತ್ರಿ ವಾಪಸು ತೆಗೆದುಕೊಳ್ಳಲಾಗುವುದೇ?' ಎಂದು ಬರೆದಿದ್ದರು. ಈ ಊರಿನಲ್ಲಿ ಬೈಗುಳಕ್ಕೂ ಒಳ್ಳೆಯ ಕೈಬರಹ ಇರುತ್ತದೆ.

ಮೂರು ವರ್ಷದ ಹಿಂದೆ, ಮೃಗಶಿರಾ ಮಳೆ ಹುಟ್ಟಲು ಎಂಟು ದಿನ ಇರುವಾಗ, ವಾಡೆಯ ಯಜಮಾನರಾದ ದಾಮುಅಣ್ಣಾ ಅಂಗಡಿಯ ಮುಂದೆ ಬಂದು ನಿಂತರು. ಅವರು ಮರಾಠಿಯಲ್ಲಿ ಅಂದದ್ದನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಶಿವಪ್ಪಾ, ಈ ಹಲಗೆ ತೆಗಿ. ಓದೋ ಮಂದಿ, ವಾದ ಮಾಡೋ ಮಂದಿ ಬಾಗಿಲಿಗೇ ನಿಂತಿರ್ತಾರ. ನನ್ನ ವಾಡೆದೊಳಗ ನಾನ ಅಪ್ಪಣೆ ಕೇಳಿ ಬರೋಹಂಗ ಆಗೇದ. ಮ್ಯಾಲ ಇದು ಹವಾಮಾನ ಅಲ್ಲ, ನಿನ್ನ ಅಂಗಡಿ ಜಾಹೀರಾತು."

ನನಗೆ ಎಲ್ಲಿತ್ತೋ ಸಿಟ್ಟು. "ಅಣ್ಣಾ, ನನ್ನ ಲಾಭಕ್ಕಂತ ಒಂದ ದಿನ ಬರೆದಿದ್ರ ತೋರಿಸ್ರಿ," ಎಂದೆ.

"ತೋರಿಸೋದೇನು? ಮೃಗಕ್ಕ ಎಂಟು ದಿನ ಅದ. ಎಂಟು ದಿನದಾಗ ಒಮ್ಮೆ ತಪ್ಪಿದ್ರೂ ಹಲಗೆ ಇಳೀಬೇಕು. ಅರ್ಧ ಹಲಗೆ ಮ್ಯಾಲ ಮಾಸ್ತರರು ಬರೀಲಿ, ಅರ್ಧಕ್ಕ ನೀ ಬರಿ. ಶಾಸ್ತ್ರ ಏನು, ಛತ್ರಿ ಏನು ಗೊತ್ತಾಗ್ತದ."

"ಆಗಲಿ. ಆದ್ರ ತಪ್ಪಿದ್ರ ನೀವು ಇಳಿಸೋದು ಬ್ಯಾಡ. ನನ್ನ ಕೈಲೇ ಇಳಿಸ್ತೀನಿ."

ಈಗ ಮೃಗದ ಹಿಂದಿನ ವಾರ ಎಂದರೆ ಏನು ಎಂಬುದನ್ನು ತಿಳಿಯಬೇಕು. ಬೇಸಿಗೆಯ ಆ ಕೊನೆಯ ಬಿಸಿಲಿಗೆ ಪ್ರತಿ ಮನೆಯವರೂ ವರ್ಷದ ಗೋಧಿ, ಬೇಳೆ, ಕೆಂಪು ಮೆಣಸಿನಕಾಯಿ, ಹಾಸಿಗೆ, ದಿಂಬು ಎಲ್ಲವನ್ನೂ ಹೊರಗೆ ಹಾಕಿ ಒಣಗಿಸಿ ಡಬ್ಬಿಗೆ, ಕಣಜಕ್ಕೆ ಸೇರಿಸುತ್ತಾರೆ. ಒಮ್ಮೆ ನೆನೆದರೆ ವರ್ಷವಿಡೀ ಮುಗ್ಗಲು ವಾಸನೆ. ನನ್ನ ಅಂಗಡಿಯ ಕಥೆ ಇದಕ್ಕೆ ಉಲ್ಟಾ. ವೈಶಾಖದಿಂದಲೇ ಛತ್ರಿ ಕೊಟ್ಟು ಹೋದ ಮಂದಿ, ಮೊದಲ ಹನಿ ನೆತ್ತಿಯ ಮೇಲೆ ಬೀಳುವವರೆಗೆ ಒಯ್ಯುವುದಿಲ್ಲ. ಮಳೆ ಇಲ್ಲ ಎಂದು ನಾನು ಬರೆದ ದಿನವೆಲ್ಲ ವಾಡೆಯ ಗೋಧಿ ಒಣಗುತ್ತಿತ್ತು, ನನ್ನ ಅಂಗಡಿ ತುಂಬುತ್ತಿತ್ತು. ಆರು ದಿನ ಹಾಗೆಯೇ ಬರೆದೆ. ಆರು ದಿನವೂ ಮಳೆ ಬರಲಿಲ್ಲ. ಮಾಸ್ತರರೂ ಅರ್ಧ ಹಲಗೆಯಲ್ಲಿ ಅದನ್ನೇ ಬರೆದರು.

ಆರನೆಯ ದಿನ ನನ್ನ ಹೆಂಡತಿ ನೀಲವ್ವ ಪರದೆ ಸರಿಸಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ರಿಪೇರಿ ಆದ ಛತ್ರಿ ಗ್ವಾಡಿತುಂಬ ಬಾವಲಿಹಂಗ ಜೋತಾಡ್ಲಿಕ್ಕೆ ಹತ್ಯಾವ. ಕಾಲಿಡ್ಲಿಕ್ಕೆ ಜಾಗ ಇಲ್ಲ. 'ಮಳಿ ಅದ' ಅಂತ ಒಂದ ಸಾಲು ಬರದ್ರ ನಿಮ್ಮ ಕೈ ಸವೀತಾವೇನ್ರಿ? ಮಂದಿ ಬಂದು ಒಯ್ತಾರ."

"ಸುಳ್ಳು ಬರೀ ಅಂತೀಯೇನ?"

"ಸುಳ್ಳು ಯಾಕಾಗ್ತದ? ಒಂದಲ್ಲ ಒಂದ ದಿನ ಮಳಿ ಬಂದ ಬರ್ತದಲ್ಲ."

ಇಂಥ ತರ್ಕಕ್ಕೆ ನಾಲ್ಕನೆಯ ಇಯತ್ತೆಯಲ್ಲಿ ಉತ್ತರ ಕಲಿಸಿರಲಿಲ್ಲ. ನನ್ನ ಹಲಗೆ ಯಾರ ಲಾಭಕ್ಕೂ ಇಲ್ಲ, ನನ್ನ ಲಾಭಕ್ಕಂತೂ ಮೊದಲೇ ಇಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ದಾಮುಅಣ್ಣಾ ಅವರ ಮಹಡಿಗೂ ಕೇಳಲಿ ಎಂದು ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ.

ಏಳನೆಯ ದಿನ ಬೆಳಿಗ್ಗೆ ನಳದಿಂದ ಬಂದು ಛತ್ರಿ ಬಡಿದೆ. 'ಢಂ!' ಮಾವ ಸತ್ತ ಮೇಲೆ ಅಂಥ 'ಢಂ' ನಾನು ಕೇಳಿರಲಿಲ್ಲ. ಇನ್ನೊಮ್ಮೆ ಬಡಿದೆ. ದೇವರ ಗುಡಿಯ ನಗಾರಿಯಂತೆ ಮೊಳಗಿತು. ಹೊರಗೆ ಬಂದು ಆಕಾಶ ನೋಡಿದೆ. ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ, ಒಂದು ಎಳೆ ಮೋಡವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಅನುಮಾನಪಡುತ್ತಿದ್ದರು. ನಾನು ಪಟ್ಟೆ, ಆದರೆ ಆಕಾಶದ ಮೇಲೆ ಪಟ್ಟೆ. ಹಿಂದಿನ ಹಗಲಷ್ಟೇ ಹೆಂಡತಿಗೆ ಅಷ್ಟು ದೊಡ್ಡ ಮಾತು ಆಡಿದ್ದೆ. ಈಗ ಮಳೆ ಎಂದು ಬರೆದರೆ ಎಲ್ಲರೂ ಏನೆಂದುಕೊಳ್ಳುತ್ತಾರೆ ಎಂಬುದೂ ಹೊಳೆಯಿತು. ಮಂದಿಯ ಮಾತಿಗೆ ಹೆದರಿ ಕೇಳಿದ್ದನ್ನು ಬರೆಯದಿದ್ದರೆ ಅದೂ ಸುಳ್ಳೇ ಅಲ್ಲವೇ? ಸೀಮೆಸುಣ್ಣ ಒತ್ತಿ ಒತ್ತಿ ಬರೆದೆ: 'ಈ ಹೊತ್ತು ಹನ್ನೆರಡರೊಳಗೆ ದೊಡ್ಡ ಮಳೆ. ಛತ್ರಿ ಇಲ್ಲದೆ ಹೊರಬೀಳಬೇಡಿ.' ಮಾಸ್ತರರು ಕೆಳಗಿಳಿದು ಬಂದು, ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಇಳಿದು ಬಂದು ತಮ್ಮ ಅರ್ಧದಲ್ಲಿ 'ಮಳೆ' ಎಂದು ಬರೆದರು.

ಶಾಸ್ತ್ರ ಮತ್ತು ಛತ್ರಿ ಎರಡೂ ಒಂದಾದ ಮೇಲೆ ಪೇಠೆಯಲ್ಲಿ ಯಾರು ಸುಮ್ಮನಿರುತ್ತಾರೆ? ಹತ್ತು ಗಂಟೆಯೊಳಗೆ ನನ್ನ ಗೋಡೆ ಬರಿದಾಯಿತು. ಪೋಸ್ಟಿನ ಕಾರಕೂನರು, ವೈದ್ಯರು, ಪುರೋಹಿತರು, ಎಲ್ಲರೂ ಬಂದು ತಮ್ಮ ತಮ್ಮ ಛತ್ರಿ ಒಯ್ದರು. ವಾಡೆಯ ಹೆಂಗಸರು ಮಾಳಿಗೆಯ ಮೇಲಿನ ಗೋಧಿ, ಮೆಣಸಿನಕಾಯಿ, ಹಾಸಿಗೆಗಳನ್ನು ಹೊತ್ತು ಕೆಳಗೆ ತಂದರು. ಅಂಗಳದಲ್ಲಿ ನಿಂತವರೆಲ್ಲ ಮೆಣಸಿನಕಾಯಿಯ ಘಾಟಿಗೆ ಸೀನಿದರು. ದಾಮುಅಣ್ಣಾ ಛತ್ರಿ ಹಿಡಿದು ಬಿಬವೇವಾಡಿಯ ತಮ್ಮ ಹೊಲ ನೋಡಲು ನಡೆದರು.

ಹನ್ನೆರಡಾಯಿತು. ಎರಡಾಯಿತು. ಅಂಥ ಬಿಸಿಲು ಆ ವರ್ಷ ಬಿದ್ದಿರಲಿಲ್ಲ. ನಾಲ್ಕಕ್ಕೆ ದಾಮುಅಣ್ಣಾ ಬೆವರು ಸುರಿಸುತ್ತ ಬಂದು, ಛತ್ರಿ ಮಡಿಚಿ, ನನ್ನ ಮೆಟ್ಟಿಲ ಮೇಲೆ ಒಮ್ಮೆ ಕುಟ್ಟಿದರು. ಬರಿದಾದ ಗೋಡೆಯನ್ನು ನೋಡಿದರು. "ಧಂದೆ ಛಲೋ ಆತಲ್ಲ?" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಬೀದಿಯಲ್ಲಿ ಕೂತು ಸಂಪಾದಿಸಿದ್ದು ಒಂದೇ: ಶಿವಪ್ಪ ಹೇಳಿದ್ದು ಕಂಡಂತೆ ಹೇಳಿದ್ದು ಎಂಬ ಮಾತು. ಅದು ಗೋಡೆಯ ಛತ್ರಿಗಳ ಜೊತೆಗೇ ಹೊರಟುಹೋಗಿತ್ತು.

ಸಿಟ್ಟಿನಲ್ಲಿ ಒಳಗೆ ಹೋಗಿ ಆ ಹಳೆಯ ಛತ್ರಿಯನ್ನು ಬಡಿದೆ. 'ಡಬ್ ಡಬ್.' ಒಣಗಿದ ಕುಂಬಳಕಾಯಿ. ಬೆಳಿಗ್ಗೆ ನಗಾರಿ, ಸಂಜೆ ಕುಂಬಳಕಾಯಿ; ನಡುವೆ ಮಳೆಯೇ ಇಲ್ಲ. ಹೀಗೆ ಹೇಗೆ ಎಂದು ಕುತ್ತಿಗೆ ಎತ್ತಿ ನೋಡುತ್ತಿದ್ದಾಗ ನೀಲವ್ವ ಪರದೆಯ ಆಚೆಯಿಂದ ಒಂದು ತಟ್ಟೆ ಚಾಚಿದಳು. "ತಗೋರಿ, ಸಂಡಿಗಿ ಹಿಟ್ಟು ಉಳದದ. ಬಿಸಿ ಇದ್ದಾಗ ತಿಂದಿದ್ರ ಛಲೋ ಇತ್ತು."

"ಸಂಡಿಗಿ ಯಾವಾಗ ಮಾಡಿದಿ?"

"ಯಾವಾಗ ಅಂದ್ರ? ಬೆಳಿಗ್ಗೆ ನೀವು ನಳಕ್ಕ ಹೋದಾಗ ಕೊಪ್ಪರಿಗಿ ಇಟ್ಟಿದ್ನಲ್ಲ. ಪ್ರತಿ ವರ್ಷ ಮಾಸ್ತರರ ಮನ್ಯಾಗ ಮಾಡ್ತಿದ್ವಿ. ಈ ಸಲ ಅವ್ರ ಮನಿಯವ್ರಿಗೆ ಮೈ ಹುಷಾರಿಲ್ಲ. ಅದಕ್ಕ ಇಲ್ಲೇ ಕುದಿಸಿದೆ. ನೀವು ಆರು ದಿನ ಮಳಿ ಇಲ್ಲ ಅಂದ್ರಿ, ನಾ ಏಳನೇದೂ ಇಲ್ಲ ಅಂತ ನಂಬಿದೆ. ನನ್ನ ತಪ್ಪ?"

ಕೊಪ್ಪರಿಗೆಯ ನೇರ ಮೇಲೆ ತೊಲೆ. ತೊಲೆಯಲ್ಲಿ ಛತ್ರಿ. ನಾನು ನಳದಿಂದ ಬರುವಷ್ಟರಲ್ಲಿ ಕೊಪ್ಪರಿಗೆಯ ಹಬೆ ಇಡಿಯಾಗಿ ಅದರ ಹೊಟ್ಟೆಗೆ ಹೋಗಿತ್ತು. ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆ ಬೆಳಿಗ್ಗೆ ನನ್ನ ಮೂಗಿಗೂ ಬಡಿದಿತ್ತು, ಬಡಿದಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹವಾಮಾನ ನೋಡುವ ಗಂಭೀರ ಹೊತ್ತಿನಲ್ಲಿ ಮೂಗಿಗೆ ಏನು ಕೆಲಸ ಎಂದು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಸಂಡಿಗೆ ಹಿಟ್ಟು ತಿಂದೆ. ಉಪ್ಪು ಹದವಾಗಿತ್ತು.

ಆಮೇಲೆ ಮಾಸ್ತರರ ಬಳಿ ಹೋದೆ. ನನ್ನದು ಹಬೆ; ಅವರ ಪಾದರಸಕ್ಕೆ ಏನು ಬಂದಿತ್ತು ಎಂದು ಕೇಳಿದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಪಾದರಸ ಅಳ್ಳಾಡಿರಲಿಲ್ಲೋ ಶಿವಪ್ಪ. ನಿನ್ನ ಬರಹ ನೋಡಿ ಮ್ಯಾಲ ಹೋದೆ. ಮತ್ತೊಮ್ಮೆ ನೋಡಿದ್ರ, ಸ್ವಲ್ಪ ಅಳ್ಳಾಡಿಧಂಗ ಕಾಣ್ತು. ನೀ ಅಷ್ಟು ದೊಡ್ಡ ಅಕ್ಷರದಾಗ ಬರೆದಿದ್ದಿಯಲ್ಲ!"

ನೀಲವ್ವ ಒಂದು ಉಪಾಯ ಹೇಳಿದಳು. ಮಾಸ್ತರರೂ ತಪ್ಪಿದ್ದಾರೆ, ಶಾಸ್ತ್ರವೇ ತಪ್ಪಿದ ಮೇಲೆ ಛತ್ರಿಯನ್ನು ಯಾರು ಬಯ್ಯುತ್ತಾರೆ, ಸುಮ್ಮನಿರಿ ಎಂದಳು. ಒಳ್ಳೆಯ ಉಪಾಯವೇ. ಆದರೆ ಇನ್ನೊಬ್ಬರ ತಪ್ಪಿನ ನೆರಳಿನಲ್ಲಿ ನಿಲ್ಲುವ ಅಭ್ಯಾಸ ನನಗಿಲ್ಲ. ದೀಪ ಹಚ್ಚುವ ಮುಂಚೆ ಹಲಗೆ ಒರೆಸಿ ಬರೆದೆ: 'ಈ ಹೊತ್ತಿನ ಮಳೆ ನನ್ನ ಅಡುಗೆಮನೆಯಲ್ಲಿ ಬಿತ್ತು. ಸಂಡಿಗೆಯ ಹಬೆ ಛತ್ರಿಗೆ ತಾಗಿ ನಾನು ಮೋಸಹೋದೆ. ಯಾರಿಗೂ ಮೋಸ ಮಾಡಿಲ್ಲ. ಶಿವಪ್ಪ.' ಓದಿದವರು ಓದಿ, ಓದದವರನ್ನು ಕರೆತಂದು ಓದಿಸಿದರು. ಬೀದಿ ಎಂಟು ಗಂಟೆಯವರೆಗೆ ನಕ್ಕಿತು. ನಗಲಿ. ನಾನು ಮೆಟ್ಟಿಲ ಮೇಲೆಯೇ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದೆ.

ಮರುದಿನ ಬೆಳಿಗ್ಗೆ ಎದ್ದವನೇ ಹಲಗೆಯನ್ನು ನನ್ನ ಕೈಯಿಂದಲೇ ಇಳಿಸಿ ಒಳಗಿಟ್ಟೆ. ಕೊಪ್ಪರಿಗೆ ತೊಳೆದು ಬೋರಲು ಹಾಕಿದ್ದು ನೋಡಿದೆ, ಒಲೆ ತಣ್ಣಗಿದ್ದದ್ದನ್ನು ಮುಟ್ಟಿ ನೋಡಿದೆ. ಆಮೇಲೆ ಛತ್ರಿ ಬಡಿದೆ. 'ಢಂ!'

ಇನ್ನು ಬರೆಯಲು ಹಲಗೆ ಇಲ್ಲ. ಬರೆಯುವ ಅಧಿಕಾರವೂ ಇಲ್ಲ. ಆದರೆ ಮಾಳಿಗೆಯ ಮೇಲೆ ಹೆಂಗಸರು ಮತ್ತೆ ಗೋಧಿ ಹರವುತ್ತಿದ್ದರು. ಸುಮ್ಮನಿದ್ದು ನೆನೆಯಲು ಬಿಟ್ಟರೆ ನಿನ್ನೆಯ ನಗೆಯನ್ನು ಬಡ್ಡಿ ಸಮೇತ ತೀರಿಸಿದಂತಾಗುತ್ತಿತ್ತು. ಆ ಯೋಚನೆ ನನಗೆ ಬರಲಿಲ್ಲ ಎನ್ನಲಾರೆ, ಬಂದು ಸ್ವಲ್ಪ ಹೊತ್ತು ಕೂತೇ ಹೋಯಿತು. ಕೊನೆಗೆ ಅಂಗಳದ ನಡುವೆ ನಿಂತು ಕೂಗಿದೆ: "ಈ ಹೊತ್ತು ಮಳೆ ಅದ! ಮೂರರೊಳಗ! ಎಲ್ಲಾ ಕೆಳಗ ಇಳಸ್ರಿ!"

ಮಾಳಿಗೆಯಿಂದ ದಾಮುಅಣ್ಣಾ ಅವರ ಹೆಂಡತಿ ಇಣುಕಿದರು. "ಈ ಹೊತ್ತು ನೀಲವ್ವ ಏನು ಕುದಿಸ್ಯಾಳ, ಶಿವಪ್ಪಾ?" ಇಡೀ ಮಾಳಿಗೆ ನಕ್ಕಿತು. ದಾಮುಅಣ್ಣಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಮುಂದೆಯೇ ಛತ್ರಿಯನ್ನು ಬೇಕೆಂದೇ ಬಾಗಿಲಿಗೆ ಒರಗಿಸಿಟ್ಟು, ಕೈಬೀಸಿಕೊಂಡು ಕೋರ್ಟಿನ ಕಡೆಗೆ ಹೋದರು. ನೀಲವ್ವ ಒಬ್ಬಳೇ ಮೇಲೆ ಹೋಗಿ ತನ್ನ ಸಂಡಿಗೆಯ ಚಾಪೆ ಸುತ್ತಿಕೊಂಡು ಬಂದಳು. "ನಂಬಿದೀಯೇನ?" ಎಂದು ಕೇಳಿದೆ. "ನಂಬೋದೇನು, ಒಲಿ ನಾನ ಹಚ್ಚಿಲ್ಲಲ್ಲ," ಎಂದಳು.

ಎರಡೂವರೆಗೆ ಪಶ್ಚಿಮದ ಕಡೆ ಕಪ್ಪಾಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಬಿತ್ತು ನೋಡಿ ಮಳೆ! ಅದು ಪುಣೆಯ ಮಳೆಯೇ ಅಲ್ಲ, ಘಟ್ಟದಿಂದ ದಾರಿ ತಪ್ಪಿ ಬಂದದ್ದು. ಮಾಳಿಗೆಯ ನೀರು ಇಳಿಯುವ ಹರನಾಳದಿಂದ ಗೋಧಿಯೂ ಮೆಣಸಿನಕಾಯಿಯೂ ಕೂಡಿಯೇ ಇಳಿದು ಅಂಗಳದಲ್ಲಿ ತೇಲಿದವು. ನಾನೂ ಓಡಿಹೋಗಿ ಎರಡು ಹಾಸಿಗೆ ಹೊತ್ತು ತಂದೆ, ಯಾರೂ ಬೇಡ ಎನ್ನಲಿಲ್ಲ. ಐದಕ್ಕೆ ದಾಮುಅಣ್ಣಾ ಬಂದರು. ರುಮಾಲಿನಿಂದ, ಮೀಸೆಯಿಂದ, ಕೋಟಿನ ಜೇಬಿನಿಂದ ನೀರು ಸುರಿಯುತ್ತಿತ್ತು. ಸೀದಾ ಅಂಗಡಿಗೆ ಬಂದು ಕೇಳಿದರು: "ಹಲಗೆ ಎಲ್ಲಿ?"

"ಇಳಿಸೀನ್ರಿ."

"ಯಾರು ಇಳಿಸು ಅಂದ್ರು?"

"ನೀವ."

"ನಾ ಅಂದೆ ಅಂತ ನೀ ಇಳಿಸಿಬಿಡೋದ? ಎಂಟು ದಿನದಾಗ ಏಳು ದಿನ ಸರಿ ಹೇಳಿದವ, ಒಂದ ದಿನಕ್ಕ ಇಷ್ಟು ಸೊಕ್ಕು ಮಾಡ್ತಾರೇನು? ನಾಳೆ ಬೆಳಿಗ್ಗೆ ತೂಗುಹಾಕು."

"ಇಲ್ರಿ ಅಣ್ಣಾ. ಮಾತು ಕೊಟ್ಟು ಇಳಿಸೀನಿ. ಏರಿಸೋದಿಲ್ಲ."

ಅವರು ಬಯ್ದರು, ಆಮೇಲೆ ಕೇಳಿಕೊಂಡರು, ಆಮೇಲೆ ಬಾಡಿಗೆಯ ಕೋಣೆಯಲ್ಲಿ ಇದ್ದುಕೊಂಡು ಇಷ್ಟು ಹಟವೇ ಎಂದರು. ಹಟ ಬಾಡಿಗೆಯದಲ್ಲ, ಸ್ವಂತದ್ದು ಎಂದೆ. ಹಲಗೆ ಅವತ್ತಿನಿಂದ ಏರಿಲ್ಲ. ಪರಿಣಾಮವೆಂದರೆ, ಹಿಂದೆ ಬಾಗಿಲಲ್ಲಿ ನಿಂತು ಓದಿ ಹೋಗುತ್ತಿದ್ದ ಮಂದಿ ಈಗ ಒಬ್ಬೊಬ್ಬರಾಗಿ ಅಂಗಡಿಯೊಳಗೇ ಬಂದು ಕೇಳುತ್ತಾರೆ, ಕೂತುಕೊಳ್ಳುತ್ತಾರೆ, ಅಲ್ಲಿಯೇ ವಾದ ಮಾಡುತ್ತಾರೆ. ಅವರ ನಡುವೆ ಜಾಗ ಬಿಡಿಸಿಕೊಂಡು ದಾಮುಅಣ್ಣಾ ದಿನಾ ಬೆಳಿಗ್ಗೆ ಬರುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ, ತಮ್ಮ ಛತ್ರಿಯನ್ನು ಎತ್ತಿ ನನ್ನ ಮುಖ ನೋಡುತ್ತಾರೆ. ನಾನು ಹೂಂ ಎಂದು ಗೋಣು ಹಾಕಿದರೆ ಒಯ್ಯುತ್ತಾರೆ, ಅಲ್ಲಾಡಿಸಿದರೆ ಇಟ್ಟು ಹೋಗುತ್ತಾರೆ. ನಾನು ಗೋಣು ಹಾಕುವ ಮುಂಚೆ ಒಲೆಯ ಕಡೆ ಒಮ್ಮೆ ನೋಡುತ್ತೇನೆ ಎಂಬುದನ್ನು ಅವರು ಕಂಡಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ಶಾಲೆಯಲ್ಲಿ ಮುಂದುವರಿದಿದ್ದರೆ ಏನಾಗುತ್ತಿದ್ದೆನೋ. ಈಗ ನನಗಿರುವುದು ಇಷ್ಟು: ಬಾಡಿಗೆಯ ಕೋಣೆ ಒಂದು, ಹೆಂಡತಿ ಒಬ್ಬಳು, ಮ್ಯಾಟ್ರಿಕ್ ಮುಗಿಸಿ ನನ್ನ ಕಾಗುಣಿತ ತಿದ್ದುವ ಹೆಣ್ಣುಮಕ್ಕಳು ಇಬ್ಬರು, ಸರಿಯಾಗಿ ಕೇಳಿಸುವ ಕಿವಿ ಒಂದೂವರೆ. ನನ್ನ ಮಾತು ನಂಬುವವರು, ಮಳೆ ಬಂದ ದಿನ ಇಡೀ ಪೇಠೆ. ಬಾರದ ದಿನ, ನಾನೊಬ್ಬ.